ಹದಿನಾಲ್ಕು ಚಿಪ್ಪಿನ ಹಾರಗಳು

ಡಬ್ಬದ ಮುಚ್ಚಳ ತೆಗೆದಾಗ ಒಳಗೆ ಹೂವು ಇರಲಿಲ್ಲ. ಚಿಪ್ಪುಗಳಿದ್ದವು. ವೈಮಿತಿ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಳು.

ಬಂದವರಿಗೆ ಹೂವಿನ ಹಾರ, ಹೊರಡುವವರಿಗೆ ಚಿಪ್ಪಿನ ಹಾರ. ತಾಹಿತಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾಲ್ಕು ದ್ವೀಪಗಳ ಹ್ಯಾಂಡ್‌ಬಾಲ್ ಪಂದ್ಯಾವಳಿಯಲ್ಲಿ ತಾಹಿತಿ ಮೂರೂ ಆಟ ಗೆದ್ದು ಫೈನಲ್ ಸೇರಿತ್ತು. ಉಳಿದ ಮೂರು ತಂಡಗಳಿಗೆ ಒಂದೊಂದೇ ಗೆಲುವು. ಹೊಡೆದ ಗೋಲು, ತಿಂದ ಗೋಲು ಲೆಕ್ಕ ಹಾಕಿದರೂ ಒಂದು ಗೋಲಿನ ಮೇಲೆ ತಕರಾರು ಉಳಿದಿತ್ತು. ಸಮಿತಿ ಶನಿವಾರ ಬೆಳಿಗ್ಗೆ ತೀರ್ಮಾನಿಸುವುದಿತ್ತು. ಸೋತವರಿಗೆ ಸೋತಿರಿ ಎಂದು ಮುಖಕ್ಕೆ ಹೇಳುವುದು ಯಾರಿಗೂ ಬೇಡವಾಗಿತ್ತು. ಫೈನಲ್ ಸೇರಿದವರಿಗೆ ಹೂವು, ಉಳಿದವರಿಗೆ ಚಿಪ್ಪು, ಹಾರವೇ ಹೇಳಲಿ ಎಂದು ಬಿಟ್ಟಿದ್ದರು.

ವೈಮಿತಿ ಮಹಿನಾ ಊರಿನ ಪ್ರಾಥಮಿಕ ಶಾಲೆಯ ಟೀಚರು. ವಾಲಿಸ್ ದ್ವೀಪದ ತಂಡವನ್ನು ಚರ್ಚಿನ ಸಭಾಂಗಣದಲ್ಲಿ ಇಳಿಸಿ, ನೋಡಿಕೊಳ್ಳುವ ಹೊಣೆಯನ್ನು ಅವಳಿಗೆ ಕೊಟ್ಟಿದ್ದರು. ಬೆಳಿಗ್ಗೆ ಸಮಿತಿಯ ಕಚೇರಿಗೆ ಹೋದಾಗ ಕಾರ್ಯದರ್ಶಿ ರೈಮಾನಾ ಫೋನಿನಲ್ಲಿದ್ದ. ಜಗಲಿಯ ಮೇಲೆ ಹಾರ ತುಂಬಿದ, ಹಿಂದೆ ಕೋಳಿಮಾಂಸ ಬಂದಿದ್ದ ಎರಡು ರಟ್ಟಿನ ಡಬ್ಬಗಳು ಉಳಿದಿದ್ದವು, ಎರಡೂ ಒಂದೇ ತರಹ. ಅವಳು ಬಾಗಿಲ ಹತ್ತಿರದ್ದರ ಮೇಲೆ ಕೈಯಿಟ್ಟು, "ನಮ್ಮೋರಿಗೆ ಇದಾ?" ಎಂದು ಕೇಳಿದಳು. ರೈಮಾನಾ ಹುಬ್ಬು ಏರಿಸಿದ. ತಾಹಿತಿಯಲ್ಲಿ ಹೂಂ ಅನ್ನಲು ಬಾಯಿ ತೆರೆಯಬೇಕಾಗಿಲ್ಲ. ಅವಳು ಡಬ್ಬ ಎತ್ತಿಕೊಂಡು ಬಂದಳು.

ಈಗ ಎದುರಿಗೆ ವಾಲಿಸ್‌ನವರು ಸಾಲಾಗಿ ನಿಂತಿದ್ದರು. ಕೋಚ್ ಕುಸಿತಿನೊನನ್ನೂ ಸೇರಿಸಿ ಹದಿನಾಲ್ಕು ಜನ. ಚಿಪ್ಪು ಕಂಡ ಕೂಡಲೇ ಎಲ್ಲರ ಭುಜವೂ ಒಂದೇ ಸಲ ಇಳಿಯಿತು.

"ಸರಿ ಬಿಡಮ್ಮ," ಎಂದ ಕುಸಿತಿನೊ. "ನಿನ್ನ ತಪ್ಪೇನಿದೆ? ಹಾಕು."

ಅವಳು ಹಾಕಿದಳು. ಗೋಲ್‌ಕೀಪರ್ ಪೆತೆಲೊನ ತಲೆ ಎಷ್ಟು ದೊಡ್ಡದೆಂದರೆ ಹಾರ ಅದರಲ್ಲೇ ಸಿಕ್ಕಿಕೊಂಡಿತು. "ನನ್ನ ತಲೆಗೂ ಹೋಗೋಕೆ ಮನಸ್ಸಿಲ್ಲ ಅಕ್ಕ," ಎಂದು ಅವನೇ ಎಳೆದುಕೊಂಡ. ಎಲ್ಲರೂ ನಕ್ಕರು. ವೈಮಿತಿ ಅತ್ತಳು. ಅಳುತ್ತಿರುವಾಗಲೇ ಒಳಗೆ ಎಲ್ಲೋ ಹಗುರವಾದದ್ದು ಅವಳಿಗೆ ತಿಳಿಯಿತು. ತಾಹಿತಿ ತಂಡದ ನಾಯಕ ಅವಳ ತಮ್ಮ ಮತಾಹಿ. ಈ ಪೆತೆಲೊ ಅವನ ಎಂಟು ಎಸೆತಗಳನ್ನು ತಡೆದಿದ್ದ. ಇನ್ನು ಮೇಲೆ ತಡೆಯುವುದಿಲ್ಲ.

ಸಂಜೆಗೆಂದು ದೊಡ್ಡಮ್ಮ ಲೂಸಿ ನಸುಕಿನಲ್ಲೇ, ಗುಂಡಿಯಲ್ಲಿ ಹೂತು ಬೇಯಿಸುವ ನೆಲದೊಲೆ ಮುಚ್ಚಿದ್ದಳು. "ಫೈನಲ್ ಇಲ್ಲ ಅಂದ್ಮೇಲೆ ಸಂಜೆವರೆಗೆ ಯಾಕೆ ಕಾಯೋದು?" ಎಂದು ಹನ್ನೆರಡಕ್ಕೇ ತೆರೆಸಿದಳು. ಹಂದಿಮಾಂಸ, ಕೆಸವಿನ ಗೆಡ್ಡೆ, ಜೀಗುಜ್ಜೆ, ತೆಂಗಿನ ಹಾಲು. ಮೂರು ದಿನದಿಂದ ಆಟಕ್ಕೆಂದು ಅಳೆದು ತಿಂದವರು ಅವತ್ತು ಕೈ ಬಿಚ್ಚಿ ತಿಂದರು. ಪೆತೆಲೊ ಮೂರನೆಯ ಸಲ ತಟ್ಟೆ ಚಾಚಿದಾಗ ದೊಡ್ಡಮ್ಮ, "ತಿನ್ನು ಮಗನೇ, ಇನ್ನು ನಿನ್ನ ಹೊಟ್ಟೆಗೆ ಬೇರೆ ಕೆಲಸವೇನಿದೆ?" ಎಂದಳು.

ಒಂದೂವರೆಗೆ ಮತಾಹಿಯ ಫೋನ್ ಬಂತು.

"ಅಕ್ಕಾ, ನಿನ್ನ ಗಜಪಡೆ ಎಲ್ಲಿ? ಮೂರು ಗಂಟೆಗೆ ಆಟ."

"ಯಾವ ಆಟ?"

"ಫೈನಲ್! ನಮಗೂ ವಾಲಿಸ್‌ಗೂ. ಬೆಳಿಗ್ಗೆಯೇ ಕ್ರೀಡಾಂಗಣದ ಬಾಗಿಲಿಗೆ ಅಂಟಿಸಿದ್ದಾರೆ. ಇಲ್ಲಿ ತಮಾಷೆ ನೋಡು, ಕ್ಯಾಲೆಡೋನಿಯಾ ತಂಡದವರು ಹೂವಿನ ಹಾರ ಹಾಕ್ಕೊಂಡು ಮೈ ಬಿಸಿಮಾಡ್ಕೋತಿದ್ದಾರೆ. ಯಾರಿಗೂ ಏನೂ ಅರ್ಥ ಆಗ್ತಿಲ್ಲ. ಮೂರಕ್ಕೆ ನೀವು ಬರದಿದ್ರೆ ಕಪ್ ನಮಗೇ ಅಂತೆ." ಆಮೇಲೆ ದನಿ ತಗ್ಗಿಸಿ, "ನೀನು ಏನೂ ಮಾಡಿಲ್ಲ ತಾನೆ?" ಎಂದ.

ಅವಳು ಕರೆ ಕತ್ತರಿಸಿ ರೈಮಾನಾನಿಗೆ ಫೋನ್ ಮಾಡಿದಳು.

"ನಾನೆಲ್ಲಿ ನಿನಗೆ ಹುಬ್ಬು ಏರಿಸಿದೆ?" ಎಂದ ಅವನು. "ಫೋನಲ್ಲಿ ಹೆಂಡತಿ ಇದ್ದಳು. ಮೀನು ತರ್ತೀರಾ ಅಂದಳು. ಹೂಂ ಅಂದಿರಬೇಕು."

ವೈಮಿತಿ ಫೋನ್ ಹಿಡಿದುಕೊಂಡು ಕಾರಿನ ಪಕ್ಕ ನಿಂತಳು. ಹೂವಿನ ಡಬ್ಬ ಒದ್ದೆ ಬಟ್ಟೆಯಿಂದ ಭಾರವಾಗಿರುತ್ತದೆ. ಚಿಪ್ಪಿನದು ಗಲಗಲ ಅನ್ನುತ್ತದೆ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅದು ಸದ್ದು ಮಾಡಿರಲೇಬೇಕು. ಕೇಳಿಸಿತ್ತೇ? ಕೇಳಿಸಿದ ಹಾಗೂ ಇತ್ತು, ರೇಡಿಯೋ ಹಾಕಿದ್ದ ಹಾಗೂ ಇತ್ತು. ಎರಡು ಡಬ್ಬದಲ್ಲಿ ಕೈ ಆ ಒಂದಕ್ಕೇ ಏಕೆ ಹೋಯಿತು? ಬಾಗಿಲಿಗೆ ಹತ್ತಿರವಿತ್ತು ಎಂದು. ಅಷ್ಟೇನಾ? ಅವಳಿಗೆ ತನ್ನ ಕೈಯನ್ನೇ ನಂಬಲು ಆಗಲಿಲ್ಲ. ವಾಲಿಸ್‌ನವರು ಆಡದೆ ಹೋದರೆ ಇಡೀ ಸಾಗರದಲ್ಲಿ ಒಂದೇ ಮಾತು: ನಾಯಕನ ಅಕ್ಕ ಅತಿಥಿಗಳಿಗೆ ಉಣ್ಣಿಸಿ ಮಲಗಿಸಿದಳು.

ಸಭಾಂಗಣದಲ್ಲಿ ಹದಿಮೂರು ಜನ ಚಾಪೆಯ ಮೇಲೆ ಬಿದ್ದುಕೊಂಡಿದ್ದರು. ಕುಸಿತಿನೊ ಮಾತ್ರ ಕುಳಿತಿದ್ದ. ಅವನೆದುರು ಕಾಲು ಮಡಚಿ ಕೂತು ಅವಳು ಎಲ್ಲವನ್ನೂ ಹೇಳಿದಳು.

ಅವನು ಹಾರದ ಚಿಪ್ಪುಗಳನ್ನು ಬೆರಳಲ್ಲಿ ಸರಿಸಿದ. "ನೀನು ಎಲ್ಲರ ಮುಂದೆ ಹಾಕಿದೆ. ನಾವು ಒಪ್ಪಿಕೊಂಡು, ಊಟಕ್ಕೆ ಮೊದಲು ವಿದಾಯದ ಭಾಷಣ ಮಾಡಿದ್ವಿ. ಈಗ ಹೋಗಿ ಆಡಿದ್ರೆ, ಹಾರ ಹಾಕಿದವಳು ಸುಳ್ಳಿ ಅಂತ ನಾವೇ ಸಾರಿದ ಹಾಗೆ. ಮೂರು ದಿನ ಅನ್ನ ಹಾಕಿದ್ದೀಯ. ಬೇಡಮ್ಮ."

"ಮಾವ, ಆಡದಿದ್ರೆ ನಾನು ಕಳ್ಳಿ ಆಗ್ತೀನಿ."

"ಆಡಿದ್ರೆ ಸುಳ್ಳಿ, ಆಡದಿದ್ರೆ ಕಳ್ಳಿ." ಅವನು ತಲೆ ಕೆರೆದುಕೊಂಡ. "ಇದೇನು ಗೋಜಲೋ."

"ಸುಳ್ಳಿಯಾದ್ರೂ ಪರವಾಗಿಲ್ಲ. ತಪ್ಪು ಮಾಡಿದೆ ಅಂತ ನಾನೇ ಹೇಳ್ತೀನಿ."

ಚಾಪೆಯಿಂದ ಪೆತೆಲೊ ಒಂದು ಕಣ್ಣು ತೆರೆದ. "ಹಾರ ಹಾಕ್ಕೊಂಡು ಅಂಗಳಕ್ಕೆ ಬಿಡಲ್ಲ ಅಕ್ಕ. ಕುತ್ತಿಗೆಯಲ್ಲಿ ಏನೂ ಇರಬಾರದು."

ಹಾಕಿದವರ ಕಣ್ಣೆದುರೇ ಹಾರ ತೆಗೆಯುವುದು ಮರ್ಯಾದೆಯಲ್ಲ. ಕೊಟ್ಟವಳು ವಾಪಸು ಕೇಳುವುದು ಅದಕ್ಕಿಂತ ಕಡೆ. ಗಡಿಯಾರ ಎರಡು ದಾಟಿತ್ತು.

ವೈಮಿತಿ ಪದಗಳನ್ನು ಒಂದೊಂದಾಗಿ ಆರಿಸಿ ಆಡಿದಳು. "ವಾಪಸು ಕೇಳ್ತಾ ಇಲ್ಲ. ನೀವಾಗಿ ನನಗೆ ಹಾಕಿದ್ರೆ ಅದು ಉಡುಗೊರೆ ಆಗುತ್ತೆ. ಹಾಕ್ತೀರಾ?"

ಕುಸಿತಿನೊ ಮೊದಲು ಎದ್ದ. ಆಮೇಲೆ ಒಬ್ಬೊಬ್ಬರಾಗಿ ನರಳುತ್ತಾ ಎದ್ದು ಬಂದರು. ಹದಿನಾಲ್ಕು ಹಾರಗಳು ಗಲ್ಲದವರೆಗೆ ಏರಿದವು. ಕೊನೆಯವನು ಪೆತೆಲೊ. "ನಿನ್ನ ತಲೆಯಾದ್ರೆ ಸಲೀಸಾಗಿ ಹೋಗುತ್ತೆ," ಎಂದ.

ರಾಜಧಾನಿ ಪಪೇಟೆಯ ದಾರಿಯಲ್ಲಿ ಶನಿವಾರದ ವಾಹನಗಳ ಸಾಲು. ಬಸ್ಸಿನಲ್ಲಿ ಇಬ್ಬರು ವಾಂತಿ ಮಾಡಿಕೊಂಡರು. "ಭಾರ ಇಳೀತು," ಎಂದು ಯಾರೋ ಚಪ್ಪಾಳೆ ತಟ್ಟಿದರು. ಮೂರಕ್ಕೆ ನಾಲ್ಕು ನಿಮಿಷವಿದ್ದಾಗ ಕ್ರೀಡಾಂಗಣದ ಒಳಗೆ ಹೋದರು.

ಹದಿನಾಲ್ಕು ಹಾರ ಹೊತ್ತು ಬಂದ ವೈಮಿತಿಯನ್ನು ನೋಡಿ ಪ್ರೇಕ್ಷಕರು, "ಟೀಚರ್, ಯಾವ ದೇಶಕ್ಕೆ ಪಯಣ?" ಎಂದು ಕೂಗಿದರು. ಅವಳು ಮೈಕು ಕೇಳಿ ತೆಗೆದುಕೊಂಡಳು. ಹಾರದ ತಪ್ಪು ನನ್ನದು, ವಾಲಿಸ್‌ನವರದಲ್ಲ, ಸಮಿತಿಯದೂ ಅಲ್ಲ ಎಂದಳು. ಇನ್ನೂ ಏನೋ ಹೇಳಬೇಕಿತ್ತು. ಬೇಕೆಂದು ಮಾಡಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು, ನಿಜವೋ ಅಲ್ಲವೋ ಗೊತ್ತಾಗದೆ, ಅಲ್ಲೇ ನಿಂತಿತು.

ಮೊದಲರ್ಧದಲ್ಲಿ ವಾಲಿಸ್‌ನವರು ಮೂರು ಗೋಲು ಮುಂದಿದ್ದರು. ಪೆತೆಲೊ ಕೈಯಿಂದ, ಮೊಣಕಾಲಿನಿಂದ, ಒಮ್ಮೆ ತುಂಬಿದ ಹೊಟ್ಟೆಯಿಂದಲೂ ಚೆಂಡು ತಡೆದ. "ಹಂದಿ ತಡೀತು!" ಎಂದು ದೊಡ್ಡಮ್ಮ ಲೂಸಿ ಎದ್ದು ಕುಣಿದಳು. ಎರಡನೆಯ ಅರ್ಧದಲ್ಲಿ ವಾಲಿಸ್‌ನವರ ಕಾಲುಗಳು ಸೋತವು. ಸಮ ಸಮ ಇದ್ದಾಗ, ಕೊನೆಯ ಕ್ಷಣದಲ್ಲಿ ತಾಹಿತಿಗೆ ಏಳು ಮೀಟರಿನ ಪೆನಾಲ್ಟಿ ಎಸೆತ ಸಿಕ್ಕಿತು. ಎಸೆಯಲು ಬಂದವನು ಮತಾಹಿ. ಹೋಗಲಿ ಎನ್ನಬೇಕೋ, ತಡೆಯಲಿ ಎನ್ನಬೇಕೋ ತಿಳಿಯದೆ ವೈಮಿತಿ ಚಿಪ್ಪುಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಚೆಂಡು ಪೆತೆಲೊನ ಬೆರಳು ಸವರಿ ಒಳಗೆ ಹೋಯಿತು.

ತಮ್ಮ ಕಪ್ ಎತ್ತಿದ. ಅವಳು ಚಪ್ಪಾಳೆ ತಟ್ಟಿದಳು. ಹಿಂದಿನ ಸಾಲಿನಲ್ಲಿ ಯಾರೋ, "ಉಣ್ಣಿಸಿದ್ದು ಸಾರ್ಥಕವಾಯ್ತು," ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಬಸ್ಸಿನ ಹತ್ತಿರ ಈಗ ನಿಜವಾಗಿ ಹೊರಡುವ ಹೊತ್ತು. ಅವಳು ಒಂದೊಂದೇ ಹಾರ ತೆಗೆದು ಒಬ್ಬೊಬ್ಬರಿಗೆ ಹಾಕಿದಳು. ಕುಸಿತಿನೊ ಅವಳ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿ, "ಮುಂದಿನ ಸಲ ವಾಲಿಸ್‌ನಲ್ಲಿ. ಅಡುಗೆ ನಮ್ಮದು, ಹುಷಾರು," ಎಂದು ಬಸ್ಸು ಹತ್ತಿದ. ಕೊನೆಗೆ ಪೆತೆಲೊ. ಹಾರ ಮತ್ತೆ ಅವನ ತಲೆಯಲ್ಲಿ ಸಿಕ್ಕಿಕೊಂಡಿತು.

"ಪೆತೆಲೊ," ಎಂದಳು ಅವಳು, ಮೆಲ್ಲಗೆ. "ನಾನು ಬೇಕಂತ ಮಾಡಿದೆ ಅನ್ನಿಸುತ್ತಾ ನಿನಗೆ?"

ಪೆತೆಲೊ ಹುಬ್ಬು ಏರಿಸಿದ.

ಬೆಳಗಿನ ಹುಬ್ಬು ನೆನಪಾಗಿ, ಅವಳು ಅವನ ತೋಳು ಹಿಡಿದಳು. "ಬಾಯಿಬಿಟ್ಟು ಹೇಳು."

"ಏನು?" ಅವನು ಬಸ್ಸಿನ ಕಿಟಕಿಯತ್ತ ಗಲ್ಲ ತೋರಿಸಿದ. "ಕೋಚು ಚೀಲ ತಂದ್ಯಾ ಅಂದ್ರು, ಹೂಂ ಅಂದೆ. ನೀನೇನು ಕೇಳಿದೆ ಅಕ್ಕ? ಕೇಳಿಸಲಿಲ್ಲ."

ಅದನ್ನು ಎರಡನೆಯ ಸಲ ಕೇಳಲು ಅವಳಿಗೆ ಆಗಲಿಲ್ಲ. "ಊಟ ಹೇಗಿತ್ತು ಅಂದೆ," ಎಂದಳು.

"ಎರಡು ಗೋಲಿನಷ್ಟು ಹೆಚ್ಚಾಯ್ತು," ಎಂದು ನಕ್ಕು, ಹಾರವನ್ನು ಕಿವಿಗಳ ಮೇಲಿಂದ ಎಳೆದುಕೊಂಡು, ಅವನು ಬಸ್ಸು ಹತ್ತಿದ.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವಳು ಕುತ್ತಿಗೆ ಮುಟ್ಟಿಕೊಂಡಳು. ಹಾರಗಳು ಹೋಗಿದ್ದವು. ಚಿಪ್ಪುಗಳು ಒತ್ತಿದ ಗುರುತು ಸುತ್ತಲೂ ಉಳಿದು, ಇನ್ನೂ ಉರಿಯುತ್ತಿತ್ತು.