ಚೀಲದಿಂದ ತೆಗೆದ ಹಿಡಿ

ಗುದ್ದಲಿ ಹೆಗಲಿಗೇರಿಸಿಕೊಂಡು ಖಬರಸ್ತಾನಕ್ಕೆ ಹೊರಟಿದ್ದ ಶಾಬುದ್ದೀನ ಹೊಸ್ತಿಲಲ್ಲೇ ತಿರುಗಿ ನಿಂತ.

"ಅಯಾಜ್, ಆಪರೇಷನ್ನಿನ್ಯಾಗ ತಗದ ಗಂಟು ಎಲ್ಲಿ ಹುಗದಿ? ತಂಗೀನ್ನ ಅದರ ಬಾಜೂಕನ ಇಡೂಣು."

ಒಳಗೆ ಹೆಂಗಸರು ಹಸೀನಾಬಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮಗ ಅಯಾಜ್ ಸೋದರಮಾವನ ಹತ್ತಿರ ಬಂದ. ಮೈಯಿಂದ ಬೇರೆಯಾದದ್ದನ್ನೂ ಮಣ್ಣಿಗೇ ಕೊಡುವುದು ಮನೆಯ ರೂಢಿ. ಬಿದ್ದ ಹಲ್ಲನ್ನು ಕೂಡ ಮಾಮು ಹೂಳುವವನೇ.

"ಬೇವಿನ ಗಿಡದ ಬುಡಕ್ರಿ ಮಾಮು. ಆದ್ರ ಪೂರಾ ಅಲ್ಲ. ಅದರಾಗ ಒಂದು ತುಣುಕು ಹುಬ್ಬಳ್ಳ್ಯಾಗ ಸಂಶೋಧನೆಗೆ ಕೊಟ್ಟೇವಿ."

"ಫೋನ್ ಹಚ್ಚು. ಅದು ಬರೂತನಕ ನಾ ಮಣ್ಣು ಕೊಡಾಂಗಿಲ್ಲ."

ಊರವರ ಬಾಯಿಗೆ ಅಯಾಜ್ ಹೆದರಲಿಲ್ಲ. ಅಮ್ಮನಿಗೆ ಅಣ್ಣನೆಂದರೆ ಜೀವ. ಅವನ ಕೈಯ ಮಣ್ಣಿಲ್ಲದೆ ಅವಳನ್ನು ಕಳಿಸುವುದು ಹೇಗೆ? ಅಯಾಜ್ ಹುಬ್ಬಳ್ಳಿಗೆ ಫೋನ್ ಹಚ್ಚಿದ.

ಫೋನೆತ್ತಿದವನು ಆಪರೇಷನ್ ಕೋಣೆಯಲ್ಲಿ ಆ ತುಣುಕನ್ನು ಪಡೆದ ಸಂಶೋಧಕ ವೀರೇಂದ್ರ.

"ಪ್ರೋಟೀನು ತಗೀಬೇಕಂದ್ರ ಅದನ್ನ ಅರೀಬೇಕ್ರಿ. ವಾಪಸ್ ಕೊಡಾಕ ಏನೂ ಉಳದಿಲ್ಲ."

*

ಆಪರೇಷನ್ನಿನ ಹಿಂದಿನ ದಿನ ವೀರೇಂದ್ರ ಅಯಾಜನ ಎದುರಿಗೇ ಹಸೀನಾಬಿಯ ಮಂಚದ ಬಳಿ ಕೂತು ಎಲ್ಲ ಬಿಡಿಸಿ ಹೇಳಿದ್ದ. ಗಂಟು ಹೊರಬಂದ ಕೂಡಲೇ ಚೂರು ಕೊಯ್ದು ಹೆಪ್ಪುಗಟ್ಟಿಸಬೇಕು. ತಡವಾದರೆ ಒಳಗಿನ ಪ್ರೋಟೀನು ಕೆಡುತ್ತದೆ.

"ಇದರಿಂದ ನಿಮಗ ಗುಣ ಆಗತೈತಿ ಅಂತ ಹೇಳಾಂಗಿಲ್ರಿ ಅಮ್ಮಾರ. ಮುಂದ ಯಾರಿಗರೆ ಆಗಬಹುದು. ನೀವು ಒಲ್ಲೆ ಅಂದ್ರೂ ಆಪರೇಷನ್ ನಿಲ್ಲಾಂಗಿಲ್ಲ."

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಮುದುಕಿಯಾದವಳು ನಕ್ಕಿದ್ದಳು.

"ನಮ್ಮಣ್ಣ ದಲಾಲಿ ಅಂಗಡ್ಯಾಗ ಅದಾನ. ಚೀಲದಾಗಿಂದ ಒಂದು ಹಿಡಿ ಕಾಯಿ ತಗದು ನೋಡಿ ದರ ಕಟ್ತಾನ. ಆ ಹಿಡಿ ತಿರುಗಿ ಚೀಲಕ್ಕ ಹಾಕಿದ್ದು ನಾ ಕಂಡಿಲ್ಲ. ಅದಕ್ಕ ಚೀಲ ಅರ್ಧಾ ಆತು ಅಂದವ್ರೂ ಇಲ್ಲ. ತಗೋರಿ."

*

ಅಯಾಜ್ ಅದನ್ನೆಲ್ಲ ಮಾಮುವಿಗೆ ಹೇಳಿ ಮುಗಿಸಿದ.

"ನನ್ನ ಹೆಸರ ಹೇಳಿದ್ಲಾ?"

"ಖರೇ ಮಾಮು. ನಿಮ್ಮ ಹೆಸರ ಹೇಳೇ ಹ್ಞೂಂ ಅಂದ್ಲು."

ಶಾಬುದ್ದೀನ ಗುದ್ದಲಿ ಎತ್ತಿಕೊಂಡು ಹೋದ. ಬೇವಿನ ಬುಡದ ಪಕ್ಕದಲ್ಲೇ ಗೋರಿ ತೋಡಿಸಿದ. ಆದರೆ ನಮಾಜು ಮುಗಿದು ಎಲ್ಲರೂ ಮಣ್ಣು ಕೊಡುವಾಗ ದೂರವೇ ನಿಂತುಬಿಟ್ಟ. ಅಯಾಜನಿಗೆ ಅತ್ತ ನೋಡುವ ಧೈರ್ಯ ಬರಲಿಲ್ಲ.

ಜನ ಸರಿದ ಮೇಲೆ ಮುದುಕ ಬಂದು ಮಂಡಿಯೂರಿದ. ರೂಢಿಯಂತೆ ಮೂರು ಹಿಡಿ ಮಣ್ಣು ಹಾಕಿದ. ಏಳಲಿಲ್ಲ. ಇನ್ನೊಂದು ಹಿಡಿ ತೆಗೆದು, ಕಾಯಿ ನೋಡುವಂತೆ ಅಂಗೈಯಲ್ಲಿ ಹರವಿ ನೋಡಿದ. ಆಮೇಲೆ ಅದನ್ನು ಗೋರಿಯ ಹೊರಗೆ, ಹುಬ್ಬಳ್ಳಿಯ ದಿಕ್ಕಿಗೆ, ಬರೀ ನೆಲದ ಮೇಲೆ ಮೆಲ್ಲಗೆ ಸುರಿದ.