ಬರೀ ಹೂವು

ಮಾರ್ಕೋನಹಳ್ಳಿಯಿಂದ ಗಂಡಿನ ಕಡೆಯವರು ಹನ್ನೊಂದೂವರೆಗೆ ಬರುವವರಿದ್ದರು. ನಿಟ್ಟೂರಿನ ಅಡವಿಯಪ್ಪನ ಮನೆಯ ತುಂಬ ಒಬ್ಬಟ್ಟಿನ ಘಮಲು. ಅವನ ತಂಗಿ ಸರ್ವಮಂಗಳ ಮಾತ್ರ ಬೆಳಗಿನಿಂದ ಅಡುಗೆಮನೆಯ ಕಡೆ ಸುಳಿದಿರಲಿಲ್ಲ. ಅಣ್ಣನ ಮಗಳು ಕಾವ್ಯಳಿಗೆ ಇವತ್ತು ಹೂ ಮುಡಿಸುವ ಶಾಸ್ತ್ರ. ಸೋದರತ್ತೆಯಾಗಿ ಇವಳೂ ಮುಡಿಸಬೇಕು. ಕಾವ್ಯಳಿಗಿನ್ನೂ ಹದಿನಾರು.

ಕಾನೂನು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಸಾಮಿ ಅಡವಿಯಪ್ಪ. "ಮದ್ವೆ ಹದಿನೆಂಟಕ್ಕೇ ಮಾಡ್ತೀವಿ ಕಣೇ. ಈಗ ಬರೀ ಹೂವು. ಹೂವಿಗೂ ಪೊಲೀಸ್ನೋರು ಬತ್ತಾರಾ? ಸುಮ್ಕಿರು ಬುಡು," ಎಂದು ನಕ್ಕಿದ್ದ.

ಬರುತ್ತಾರೆ. ಸರ್ವಮಂಗಳ ಅಂಗನವಾಡಿ ಕಾರ್ಯಕರ್ತೆ. ಹೋದ ವಾರವಷ್ಟೇ ಗುಬ್ಬಿಯ ಮೀಟಿಂಗಿನಲ್ಲಿ ಹೇಳಿದ್ದರು: ಕಾನೂನು ಬಿಗಿಯಾಗಿದೆ, ಮಕ್ಕಳ ಮದುವೆಯಷ್ಟೇ ಅಲ್ಲ, ನಿಶ್ಚಿತಾರ್ಥ ಮಾಡಿದರೂ ಜೈಲು. ಊರಿನ ತಾಯಂದಿರಿಗೆಲ್ಲ ಅದನ್ನು ತಿಳಿಹೇಳಿದವಳು ಅವಳೇ. ಅಣ್ಣನೆದುರು ಮಾತ್ರ ಬಾಯಿ ಬರಲಿಲ್ಲ.

ಒಳಕೋಣೆಯಲ್ಲಿ ಕಾವ್ಯ ಅವಳ ಸೆರಗು ಹಿಡಿದಳು. "ಅತ್ತೆ, ಹೂವಾದ್ಮೇಲೆ ನಾನು ಅವ್ರ ಮನೇಲೇ ಇರ್ಬೇಕಂತೆ. ಕಾಲೇಜು ಬೇಡ ಅಂದವ್ರಂತೆ. ನಂಗೆ ಭಯ ಆಯ್ತದೆ."

ಸರ್ವಮಂಗಳ ಹಿತ್ತಲಿಗೆ ಹೋಗಿ ಫೋನು ತೆಗೆದಳು. ಮಾಡಿದರೆ ಅಣ್ಣ ಜೈಲಿಗೆ, ತವರಿನ ಬಾಗಿಲು ಇನ್ನು ಶಾಶ್ವತವಾಗಿ ಬಂದ್. ಮಾಡದಿದ್ದರೆ ಈ ಹುಡುಗಿಯ ಗತಿ? ಅತ್ತ ದರಿ, ಇತ್ತ ಪುಲಿ. ಎರಡು ಸಲ ತಪ್ಪು ಒತ್ತಿ, ಮೂರನೇ ಸಲಕ್ಕೆ ಮಕ್ಕಳ ಸಹಾಯವಾಣಿ 1098 ಸಿಕ್ಕಿತು. "ನಿಮ್ಮ ಹೆಸರು ಹೇಳಬೇಕಿಲ್ಲಮ್ಮ, ಗುಟ್ಟಾಗಿರುತ್ತೆ," ಎಂದಿತು ಆ ಕಡೆಯ ದನಿ. ಅವಳು ಹೇಳಲೂ ಇಲ್ಲ.

ಬೀಗರು ಚಾಪೆಯ ಮೇಲೆ ಕೂತು ಇನ್ನೂ ನೀರು ಕುಡಿಯುತ್ತಿದ್ದರು, ಜೀಪು ಬಂದು ನಿಂತಿತು. ಅಧಿಕಾರಿಗಳು ಶಾಸ್ತ್ರ ನಿಲ್ಲಿಸಿ, ಎರಡೂ ಕಡೆಯವರನ್ನು ಠಾಣೆಗೆ ಹೊರಡಿ ಎಂದರು. ಅಡವಿಯಪ್ಪನ ಮುಖ ಕಪ್ಪಿಟ್ಟಿತು. ಅಂಗಿ ಹಾಕಿಕೊಳ್ಳುವ ನೆಪದಲ್ಲಿ ಒಳಗೆ ಬಂದವನೇ ಮಗಳ ರಟ್ಟೆ ಹಿಡಿದ.

"ಏನೇ, ನೀನೇ ಅಲ್ವಾ ಫೋನ್ ಮಾಡಿದ್ದು?"

ಕೈ ಮೇಲೆದ್ದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಸರ್ವಮಂಗಳ ನಡುವೆ ಬಂದು ನಿಂತಳು.

"ಅವ್ಳಲ್ಲ ಅಣ್ಣಯ್ಯ. ನಾನು."

ಅಡವಿಯಪ್ಪ ನಂಬಲಾರದೆ ಅವಳನ್ನೇ ನೋಡಿದ. "ನೀನಾ? ನಿಂಗೂ ಹದಿನಾರಕ್ಕೇ ಮಾಡ್ಲಿಲ್ವೇನೇ ಮದ್ವೆ? ಆವಾಗ ಯಾರು ಮಾಡಿದ್ರು ಫೋನು?"

"ಯಾರೂ ಮಾಡ್ಲಿಲ್ಲ ಅಣ್ಣಯ್ಯ," ಎಂದಳು. ಅವನ ಹಿಡಿತದಿಂದ ಕಾವ್ಯಳ ರಟ್ಟೆ ಬಿಡಿಸಿದಳು.