ಪಾಪು ತಾನೇ ಹಾಕಿಕೊಂಡ ಗುಂಡಿ

ಮಗಳನ್ನು ಕರೆದುಕೊಂಡು ಬರಲು ಶಿಶುವಿಹಾರಕ್ಕೆ ಹೋದ ಟೈಲರಮ್ಮ ಒಳಗೆ ಕಾಲಿಟ್ಟವಳೇ ಗಕ್ಕನೆ ನಿಂತಳು. ಐದು ವರ್ಷದ ಪಾಪು ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬಟ್ಟೆಯೆಲ್ಲ ಒದ್ದೆ.

"ಯಾರು ನನ್ನ ಮಗು ಮೇಲೆ ನೀರು ಹಾಕಿದ್ದು?"

"ನೀರಲ್ಲ ಅಕ್ಕಾ," ಎಂದರು ಟೀಚರ್ ಮೆಲ್ಲಗೆ. "ಬಾತ್‌ರೂಮಿಗೆ ಹೋಗಿದ್ಲು. ಗುಂಡಿ ಬಿಚ್ಚೋಕೆ ಬರಲಿಲ್ಲ."

"ನಿಮ್ಮನ್ನ ಕರೀಬಹುದಿತ್ತಲ್ಲ?"

"ಕರೆಯೋಕೂ ಬರಲಿಲ್ಲ."

ಟೈಲರಮ್ಮ ಮಗಳ ಒದ್ದೆ ಗುಂಡಿಗಳನ್ನು ಬಿಚ್ಚತೊಡಗಿದಳು. ಅಂಗಿ ಚಡ್ಡಿ ಒಂದೇ ಆಗಿ, ಕತ್ತಿನಿಂದ ಸೊಂಟದವರೆಗೆ ಗುಂಡಿಗಳಿದ್ದ ಆ ಉಡುಪನ್ನು ಹೊಲಿದವಳು ಅವಳೇ. ಗುಂಡಿ ತೂರುವ ಕಾಜಾಗಳನ್ನು ಬೇಕೆಂದೇ ಬಿಗಿಯಾಗಿ ಹೊಲಿದಿದ್ದಳು. ಬಟ್ಟೆ ಹರಿದರೂ ಟೈಲರಮ್ಮನ ಗುಂಡಿ ಕಳಚದು ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆಯೇ ಇವತ್ತು ಮಗಳ ಮೈಮೇಲೆ ಒದ್ದೆಯಾಗಿ ನಿಂತಿತ್ತು.

ಮನೆಯಲ್ಲಿ ಪಾಪುಗೆ ಗುಂಡಿ ಹಾಕುವುದು, ಶೂ ತೊಡಿಸುವುದು, ತುತ್ತಿಡುವುದು ಎಲ್ಲ ಅಮ್ಮನೇ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿಬಿಡುತ್ತಿದ್ದಳು. ಮಿಷನ್ ಓಡುವಾಗ ಕತ್ತರಿ ಮುಟ್ಟದಿರಲೆಂದು ಮಗುವಿನ ಕೈಗೆ ಫೋನು. ಬಾಯಿ ಬಿಡುವ ಮೊದಲೇ ಎಲ್ಲ ಸಿಗುತ್ತಿದ್ದುದರಿಂದ ಕೇಳುವ ಅಭ್ಯಾಸವೇ ಪಾಪುಗೆ ಆಗಿರಲಿಲ್ಲ.

"ಎಲೆ ಉದುರೋ ಕಾಲ ಅಕ್ಕಾ. ಸಂಜೆ ನಮ್ಮ ಅಂಗಳಕ್ಕೆ ಕರ್ಕೊಂಡು ಬನ್ನಿ, ಎಲೆ ಆರಿಸೋಣ," ಎಂದರು ಟೀಚರ್.

"ಕಸ ಆರಿಸಿದ್ರೆ ಗುಂಡಿ ಹಾಕೋಕೆ ಬರುತ್ತಾ? ತಮಾಷೆ ಮಾಡ್ತೀರಾ?"

"ಒಣಗಿದ ಎಲೆನ ಪುಡಿಯಾಗದ ಹಾಗೆ ಎರಡು ಬೆರಳಲ್ಲಿ ಎತ್ತಬೇಕಲ್ಲ? ಅದೇ ಬೆರಳು ನಾಳೆ ಗುಂಡಿ ಹಿಡಿಯುತ್ತೆ, ಪೆನ್ಸಿಲ್ಲೂ ಹಿಡಿಯುತ್ತೆ."

ನಂಬಿಕೆ ಬರಲಿಲ್ಲ. ಆದರೂ ಹೋದಳು. ಅಲ್ಲಿ ಇನ್ನೊಂದು ಆಘಾತ. ಪಕ್ಕದ ಮನೆಯ ಹುಡುಗಿ ಎಲೆಯನ್ನು ತೊಟ್ಟು ಹಿಡಿದು ಎತ್ತಿದರೆ, ಪಾಪು ಮುಷ್ಟಿಯಲ್ಲಿ ಹಿಡಿದು ಪುಡಿ ಮಾಡಿದಳು. ಮತ್ತೊಂದು, ಅದೂ ಪುಡಿ. ಟೈಲರಮ್ಮನ ಕೈ ತಾನಾಗಿ ಮುಂದೆ ಹೋಯಿತು.

"ಕೈ ಹಿಂದಕ್ಕೆ ಕಟ್ಕೊಳ್ಳಿ ಅಕ್ಕಾ," ಟೀಚರ್ ನಕ್ಕರು. "ಇದು ನಿಮಗೂ ಪಾಠ."

ದಿನವೂ ಎಲೆಯಾಟ ನಡೆಯಿತು. ಮಕ್ಕಳು ಎಲೆರಾಶಿಯನ್ನು ಹಾರಿ ದಾಟಿದರು. ಇಬ್ಬಿಬ್ಬರು ಸೇರಿ ಒಂದೇ ಬಕೆಟ್ ಹೊತ್ತರು, ಒಬ್ಬರು ಓಡಿದರೆ ಎಲೆಯೆಲ್ಲ ನೆಲಕ್ಕೆ, ಹಾಗಾಗಿ "ನಿಲ್ಲೇ, ನಿಧಾನ!" ಎನ್ನಲು ಪಾಪುವೂ ಕಲಿತಳು. ಟೈಲರಮ್ಮ ಅಂಗಡಿಯಿಂದ ಮೊಂಡು ಸೂಜಿ, ದಪ್ಪ ಉಲ್ಲನ್ ದಾರ ತಂದುಕೊಟ್ಟಳು. ಪಕ್ಕದಲ್ಲೇ ಕೂತು ಮಕ್ಕಳು ಎಲೆ ಪೋಣಿಸುವುದನ್ನು ನೋಡಿದಳು. ಮನೆಯಲ್ಲಿ ಅಜ್ಜಿ ಮಾತ್ರ, "ಗುಡಿಸಿ ಹಾಕೋದನ್ನ ಒಳಗೆ ತರ್ತಾರಲ್ಲಪ್ಪಾ!" ಎಂದು ಗೊಣಗಿದರು. ಗೊಣಗುತ್ತಲೇ ಎಲೆಮಾಲೆಯನ್ನು ಕಿಟಕಿಗೆ ಕಟ್ಟಿದರು.

ಒಂದು ಸಂಜೆ ಎಲೆಗಳ ಮೇಲೆ ಮುಖ ಬರೆಯುವ ಆಟ. ನಗುವ ಮುಖ, ಕೋಪದ ಮುಖ. ಪಾಪು ಬಾಯಿ ಕೆಳಗೆ ಬಾಗಿದ ಒಂದು ಎಲೆಯನ್ನು ಅಮ್ಮನಿಗೆ ತೋರಿಸಿದಳು.

"ಇದಕ್ಕೆ ಹೆದರಿಕೆ ಅಮ್ಮಾ. ಬಾಗಿಲ ಹಿಂದೆ ನಿಂತಿತ್ತು. ಅಮ್ಮ ಬೈತಾಳೆ ಅಂತ."

ಟೈಲರಮ್ಮ ದಂಗಾದಳು. ಇಷ್ಟು ದಿನ ಈ ಮಾತು ಎಲ್ಲಿ ಅಡಗಿತ್ತು? ಮಗಳನ್ನು ಬಾಚಿ ತಬ್ಬಿಕೊಂಡಾಗ ಕಣ್ಣೀರು ತಡೆಯಲಾಗಲಿಲ್ಲ. ಆ ರಾತ್ರಿಯೇ ಕಾಜಾಗಳನ್ನು ಸಡಿಲ ಮಾಡಿದಳು.

ಮರುವಾರ ಒಂದು ಬೆಳಿಗ್ಗೆ ಅವಳು ಉಡುಪು ಹಿಡಿದು ಬಂದಾಗ ಪಾಪು ಅದನ್ನು ಕಸಿದುಕೊಂಡಳು. "ಬೇಡಮ್ಮಾ, ನಾನೇ ಹಾಕ್ಕೋತೀನಿ. ನೀನು ಕೈ ಕಟ್ಕೋ."

ಟೈಲರಮ್ಮ ಕೈ ಕಟ್ಟಿಕೊಂಡಳು. ನಾಲಿಗೆ ಕಚ್ಚಿಕೊಂಡು ಪಾಪು ಗುಂಡಿ ತೂರಿಸಿದಳು. ಹೊತ್ತಾಯಿತು, ಆಗಲಿ. ಕೊನೆಗೆ ನೋಡಿದರೆ ಗುಂಡಿಗಳೆಲ್ಲ ಒಂದೊಂದು ಕಾಜಾ ತಪ್ಪಿ, ಉಡುಪು ಸೊಟ್ಟಗೆ ಮೇಲೆದ್ದಿತ್ತು. ಕೂದಲೆಳೆಯಷ್ಟು ಸೊಟ್ಟ ಹೊಲಿಗೆಯನ್ನೂ ಅಂಗಡಿಯ ಮೆಟ್ಟಿಲು ಇಳಿಯಲು ಬಿಡದ ಟೈಲರಮ್ಮ, ಅದೇ ಸೊಟ್ಟ ಗುಂಡಿಯ ಮಗಳನ್ನು ಎಲ್ಲರ ಕಣ್ಣೆದುರೇ ಬೀದಿಯುದ್ದಕ್ಕೂ ನಡೆಸಿಕೊಂಡು ಹೋದಳು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆ ಮುಂದೆಯೂ ಎಲೆ ಉದುರಿರಬೇಕು. ಗುಡಿಸುವ ಮೊದಲು ಮಗುವನ್ನು ಕರೆಯಿರಿ. ಪಕ್ಕದ ಮನೆಯ ಮಗುವನ್ನೂ ಕರೆಯಿರಿ. ಆರಿಸಲಿ, ಹಾರಲಿ, ಪೋಣಿಸಲಿ, ಜಗಳವಾಡಿ ರಾಜಿಯಾಗಲಿ. ನೀವು ಹತ್ತಿರವೇ ಇರಿ. ಕೈ ಮಾತ್ರ ಸ್ವಲ್ಪ ಹೊತ್ತು ಹಿಂದಕ್ಕೆ ಕಟ್ಟಿಕೊಳ್ಳಿ.